ಒಬ್ಬನೇ ಆಳು, ಎರಡು ಕೆಲಸ: ನಮ್ಮ ಕಡೆಯ ಮದುವೆ ಫೋಟೋ, ವೀಡಿಯೋಗಳ ಕಥೆ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆಂದು ಸಂಘದ ಹಳೆಯ ಭಾವಚಿತ್ರಗಳನ್ನು ಹುಡುಕಲು ಹೊರಟ ನಮಗೆ ಮೊದಲು ಸಿಕ್ಕಿದ್ದು ಸಂಘದ ಫೋಟೋ ಅಲ್ಲ, ಮದುವೆ ಫೋಟೋಗಳು. ಉದ್ಘಾಟನೆಯ ದಿನ ತೆಗೆದ ಚಿತ್ರಗಳ ನೆಗೆಟಿವ್ ನಮ್ಮೂರ ಸ್ಟುಡಿಯೋದವರ ಕಬ್ಬಿಣದ ಟ್ರಂಕಿನಲ್ಲಿ ಇದ್ದರೂ ಇರಬಹುದು ಅಂತ ಯಾರೋ ಹೇಳಿದರು. ಹೋಗಿ ತೆಗೆಸಿ ನೋಡಿದರೆ ಊರಿನ ಅರ್ಧ ಜನರ ಮದುವೆ ಅದರೊಳಗೆ ಮಲಗಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಹೋದವರು ಎದ್ದು ಬಂದದ್ದು ದೀಪ ಹಚ್ಚಿದ ಮೇಲೆ. ಸ್ಟುಡಿಯೋದವರು ನಮ್ಮ ಸಂಘದ ಸದಸ್ಯರೇ. "ನನ್ನ ಹೆಸರು ಹಾಕಬೇಡಿ ಮೇಷ್ಟ್ರೇ, ಬೇಕಾದರೆ ಕೆಲಸದ ಬಗ್ಗೆ ಬರೀರಿ" ಅಂದರು. ಹಾಗಾಗಿ ಈ ಲೇಖನದಲ್ಲಿ ಅವರು ಸ್ಟುಡಿಯೋದವರು ಎಂದೇ ಬರುತ್ತಾರೆ.

ಈಗ ನಮ್ಮ ಕಡೆ ಲಗ್ನ ಕಟ್ಟಿಸಿದ ಮಾರನೇ ದಿನವೇ ಸ್ಟುಡಿಯೋಗೆ ಫೋನು ಹೋಗುತ್ತದೆ. "ಫೋಟೋ, ವೀಡಿಯೋ ಎರಡೂ ನೀವೊಬ್ಬರೇ ನೋಡ್ಕೊಳ್ತೀರಾ? ಒಟ್ಟಿಗೆ ಎಷ್ಟಾಗುತ್ತೆ?" ಎಂಬುದೇ ಮೊದಲ ಮಾತು. ಇಬ್ಬರನ್ನು ಕರೆಸಿದರೆ ಖರ್ಚು ಜಾಸ್ತಿ, ಒಬ್ಬನಾದರೆ ಸಲೀಸು ಎಂಬ ಲೆಕ್ಕ. ಇದು ಮೊನ್ನೆ ಮೊನ್ನೆ ಶುರುವಾದ ಪದ್ಧತಿ ಎಂದು ನಾವೂ ತಿಳಿದಿದ್ದೆವು. ವಿಚಾರಿಸುತ್ತಾ ಹೋದರೆ ಸಂಗತಿ ಬೇರೆಯೇ ಇದೆ.

ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ, ಪ್ಯಾರಿಸ್ಸಿನಲ್ಲಿ. ಹದಿನೈದೇ ವರ್ಷಕ್ಕೆ, 1854ರಲ್ಲಿ, ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ನಮ್ಮ ಬೇಲೂರು, ಹಳೇಬೀಡಿನ ಗುಡಿಗಳ ಚಿತ್ರ ತೆಗೆದಿದ್ದ. ಚಲಿಸುವ ಚಿತ್ರವನ್ನು 1895ರಲ್ಲಿ ಪ್ಯಾರಿಸ್ಸಿನ ಜನಕ್ಕೆ ತೋರಿಸಿದ ಲೂಮಿಯೇರ್ ಸಹೋದರರ ಮನೆತನದ ಕಸುಬು ಫೋಟೋ ಪ್ಲೇಟು ತಯಾರಿಸುವುದು. ಮರುವರ್ಷ, 1896ರ ಜುಲೈ 7ರಂದು, ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನವಾದವು. ಆ ಯಂತ್ರದ ವಿಶೇಷವೆಂದರೆ ಚಿತ್ರ ತೆಗೆಯುವುದು, ಪ್ರತಿ ಮಾಡುವುದು, ತೆರೆಯ ಮೇಲೆ ತೋರಿಸುವುದು ಮೂರೂ ಅದೊಂದರಲ್ಲೇ ಆಗುತ್ತಿತ್ತು. ಅಂಥದೊಂದು ಯಂತ್ರವನ್ನು ತರಿಸಿಕೊಂಡು 1899ರಲ್ಲಿ ಒಂದು ಕುಸ್ತಿ ಪಂದ್ಯವನ್ನು ಚಿತ್ರೀಕರಿಸಿದವರು ಮುಂಬಯಿಯ ಹರಿಶ್ಚಂದ್ರ ಸಖಾರಾಮ್ ಭಾಟವಡೇಕರ್. ಜನ ಅವರನ್ನು ಸಾವೆ ದಾದಾ ಎಂದು ಕರೆಯುತ್ತಿದ್ದರು. ಅವರ ಮೂಲ ವೃತ್ತಿ ಯಾವುದು ಅಂದರೆ ಫೋಟೋ ಸ್ಟುಡಿಯೋ! ಮುಂದೆ ಸಿನಿಮಾ ಮಾಡಿ ಹೆಸರಾದ ದಾದಾಸಾಹೇಬ್ ಫಾಲ್ಕೆಯವರೂ ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರೇ. ಅಂದರೆ ನಮ್ಮ ದೇಶದಲ್ಲಿ ನಿಂತ ಚಿತ್ರ, ಓಡುವ ಚಿತ್ರ ಎರಡೂ ಒಂದೇ ಕೈಯಿಂದ ಬಂದದ್ದು ನೂರಿಪ್ಪತ್ತೈದು ವರ್ಷದ ಹಿಂದೆಯೇ.

ಮುಂಬಯಿಯ ಮಾತು ಅಲ್ಲಿಗಿರಲಿ. ನಮ್ಮ ಹಳ್ಳಿಗಳ ಮದುವೆಗೆ ಕ್ಯಾಮರಾ ಬಂದದ್ದು ಬಹಳ ತಡವಾಗಿ. ನಮ್ಮ ಅಜ್ಜ ಅಜ್ಜಿಯರ ಮದುವೆಗೆ ಫೋಟೋ ಇಲ್ಲ. ಫೋಟೋ ಹಿಡಿಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತೆ ಅನ್ನೋ ಭಯವೂ ಇತ್ತು, ಅದಕ್ಕಿಂತ ಹೆಚ್ಚಾಗಿ ದುಡ್ಡೂ ಇರಲಿಲ್ಲ. ಅನುಕೂಲಸ್ಥರು ಮದುವೆಯಾದ ಮೇಲೆ ಪೇಟೆಗೆ ಹೋಗಿ, ಬಣ್ಣದ ಪರದೆಯ ಮುಂದೆ ಕುರ್ಚಿ ಹಾಕಿಸಿ ಗಂಡು ಕೂತು ಹೆಣ್ಣು ನಿಂತು ಒಂದು ಫೋಟೋ ತೆಗೆಸುತ್ತಿದ್ದರು. ಕಪ್ಪು ಬಿಳುಪಿನ ಆ ಚಿತ್ರಕ್ಕೆ ಕೈಯಲ್ಲೇ ಬಣ್ಣ ಹಾಕಿ ಸೀರೆಗೆ ಹಸಿರು, ಕೆನ್ನೆಗೆ ಗುಲಾಬಿ ಬರಿಸುವ ಕಲಾವಿದರೂ ಇದ್ದರು. ಆಮೇಲೆ ಸ್ಟುಡಿಯೋದವರು ತಾವೇ ಬಸ್ಸು ಹತ್ತಿ ಚಪ್ಪರಕ್ಕೆ ಬರಲು ಶುರುಮಾಡಿದರು.

ಆ ಕಾಲದ ಕ್ಯಾಮರಾ ಯಾಶಿಕಾ ಮ್ಯಾಟ್. ಹೊಟ್ಟೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು, ಕಾಣುವ ಚಿತ್ರ ಎಡ ಬಲ ಅದಲು ಬದಲು. ಒಂದು ರೀಲಿಗೆ 12 ಚಿತ್ರ. ಹವ್ಯಾಸದವರ ಅಗ್ಫಾ ಕ್ಲಿಕ್ ಕ್ಯಾಮರಾಕ್ಕೂ ಅದೇ ರೀಲು, ಅದೇ 12. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲೂ ಬರುತ್ತಿತ್ತು. ಸ್ವದೇಶಿ ಮಾಲು, ನಮಗೆ ಹತ್ತಿರದ್ದು. ಒಂದು ಮದುವೆಗೆ ಒಂದು ರೀಲು ಅಂದರೆ 12 ಸಲ ಒತ್ತುವ ಅವಕಾಶ. ಧಾರೆ ಒಂದು, ತಾಳಿ ಒಂದು, ಗಂಡಿನ ಕಡೆ ಗುಂಪು ಒಂದು, ಹೆಣ್ಣಿನ ಕಡೆ ಒಂದು. ಗುಂಪಿನಲ್ಲಿ ಕಣ್ಣು ಮುಚ್ಚಿದವನು ಜೀವಮಾನವೆಲ್ಲಾ ಕಣ್ಣು ಮುಚ್ಚಿಕೊಂಡೇ ಗೋಡೆಯ ಮೇಲೆ ಇರಬೇಕು. ರಾತ್ರಿ ಕತ್ತಲ ಕೋಣೆಯಲ್ಲಿ ಕೆಂಪು ದೀಪ ಹಾಕಿಕೊಂಡು ಕಾಗದವನ್ನು ಡೆವಲಪರ್ ನೀರಿನಲ್ಲಿ ಅಲ್ಲಾಡಿಸಿ, ಹೈಪೋದಲ್ಲಿ ನಿಲ್ಲಿಸಿ, ತೊಳೆದು ಒಣಗಿಸುವವರೆಗೂ ಎಲ್ಲಾ ಒಬ್ಬನೇ. ಆಗ ಯಾರೂ ಇದನ್ನು ಒಬ್ಬನೇ ಮಾಡುವ ಕೆಲಸ ಅಂತ ವಿಶೇಷವಾಗಿ ಹೇಳುತ್ತಿರಲಿಲ್ಲ. ಬೇರೆ ಥರ ಇರಲೇ ಇಲ್ಲವಲ್ಲ.

ಬಣ್ಣದ ರೀಲು ಬಂತು, 36 ಚಿತ್ರದ ಚಿಕ್ಕ ರೀಲು ಬಂತು. ಕತ್ತಲ ಕೋಣೆ ಮುಚ್ಚಿತು, ರೀಲು ಪೇಟೆಯ ಕಲರ್ ಲ್ಯಾಬಿಗೆ ಹೋಗತೊಡಗಿತು. ಇದನ್ನು ಇಷ್ಟಕ್ಕೇ ಬಿಡುತ್ತೇವೆ, ಏಕೆಂದರೆ ದೊಡ್ಡ ಬದಲಾವಣೆ ತಂದದ್ದು ವೀಡಿಯೋ.

ಜಪಾನಿನ ಜೆವಿಸಿ ಕಂಪನಿ ವಿಎಚ್ಎಸ್ ಕ್ಯಾಸೆಟ್ಟನ್ನು ತಂದದ್ದು 1976ರಲ್ಲಿ. ನಮ್ಮಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. ಆಮೇಲೆ ಕಲರ್ ಟೀವಿ, ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುವ ಹುಚ್ಚು ಹಳ್ಳಿಗೂ ಹತ್ತಿತು. ಅದರ ಹಿಂದೆಯೇ ಮದುವೆ ಕ್ಯಾಸೆಟ್ಟು ಬಂತು. ಹೆಗಲ ಮೇಲೆ ಹೊರುವ ಪ್ಯಾನಸೋನಿಕ್ ಎಂ-9000 ಅಂಥ ಕ್ಯಾಮರಾಗಳು, ಮೂರು ಗಂಟೆಯ ಕ್ಯಾಸೆಟ್ಟು, ಸಾವಿರ ವ್ಯಾಟಿನ ಹ್ಯಾಲೋಜನ್ ದೀಪ, ದೀಪ ಹಿಡಿಯಲು ಒಬ್ಬ ಹುಡುಗ, ಅವನ ಹಿಂದೆ ವೈರು ಎಳೆಯಲು ಇನ್ನೊಬ್ಬ. ಫೋಟೋದವರು ಬೇರೆ, ವೀಡಿಯೋದವರು ಬೇರೆ. ಒಬ್ಬನಿದ್ದ ಜಾಗದಲ್ಲಿ ನಾಲ್ವರಾದರು. ಮದುವೆ ನೋಡಲು ಬಂದ ನಮ್ಮಂಥವರಿಗೆ ಕಂಡದ್ದು ಅವರ ಬೆನ್ನು ಮಾತ್ರ! ದೀಪದ ಶಾಖಕ್ಕೆ ಹಸೆಮಣೆಯ ಮೇಲಿದ್ದ ಹೆಣ್ಣಿನ ಮುಖದ ಪೌಡರು ಇಳಿದು ಬರುತ್ತಿತ್ತು. "ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ", "ನಿಮ್ಮ ಫ್ಲಾಷ್ ನನ್ನ ಚಿತ್ರ ಕೆಡಿಸ್ತು" ಅಂತ ಮಂಟಪದಲ್ಲೇ ಇವರಿಬ್ಬರ ಜಗಳ. ಪುರೋಹಿತರು ಮಂತ್ರ ನಿಲ್ಲಿಸಿ ಸಮಾಧಾನ ಹೇಳಿದ್ದನ್ನು ನಾವೇ ಕಂಡಿದ್ದೇವೆ.

ಆಗಿನ ಮಿಕ್ಸಿಂಗ್ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ತಾವರೆ ಅರಳಿದಂತೆ ಅರಳಿ ಅದರೊಳಗೆ ಗಂಡು ಹೆಣ್ಣಿನ ಮುಖ, ಹೃದಯದ ಆಕಾರದ ಚೌಕಟ್ಟು, ಓಲಗದ ಸದ್ದನ್ನು ಮುಚ್ಚಿ ಸಿನಿಮಾ ಹಾಡು. ಜನ ಮೆಚ್ಚಿದರು, ನಿಜ. ಆದರೆ ಆ ಹಾಡಿನ ಅಡಿಯಲ್ಲಿ ಎಷ್ಟು ಅಜ್ಜಿಯರ ಸೋಬಾನೆ ಪದ ಹೂತುಹೋಯಿತು ಎಂದು ಈಗ ಹೊಟ್ಟೆ ಉರಿಯುತ್ತದೆ. ಉಳಿದ ಕ್ಯಾಸೆಟ್ಟುಗಳಿಗೂ ಬೂಷ್ಟು ಹಿಡಿದಿದೆ. ಮನೆಯಲ್ಲಿ ಕ್ಯಾಸೆಟ್ ಇಟ್ಟುಕೊಂಡಿರುವ ಸದಸ್ಯರು ಬೇಗ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ಓಡಿಸುವ ಯಂತ್ರಗಳೂ ಒಂದೊಂದೇ ಕೆಟ್ಟು ಮೂಲೆ ಸೇರುತ್ತಿವೆ.

ನಮ್ಮ ಸಂಘ ಹುಟ್ಟಿದ ಕಾಲಕ್ಕೆ ಚಿಕ್ಕ ಡಿವಿ ಕ್ಯಾಸೆಟ್ಟು ಬಂದಿತ್ತು. ಸೋನಿ ಕಂಪನಿ 2000ದಲ್ಲಿ ಪಿಡಿ-150, 2003ರಲ್ಲಿ ಪಿಡಿ-170 ಕ್ಯಾಮರಾ ತಂದಿತು. ಕಡಿಮೆ ಬೆಳಕಿನಲ್ಲೂ ಚೆನ್ನಾಗಿ ಕಾಣುವ ಕಾರಣ ಹ್ಯಾಲೋಜನ್ ಉರಿ ಸ್ವಲ್ಪ ತಣ್ಣಗಾಯಿತು, ವೈರು ಎಳೆಯುವ ಹುಡುಗ ಬೇರೆ ಕೆಲಸ ಹುಡುಕಿಕೊಂಡ. ಅದೇ ಹೊತ್ತಿಗೆ ಫೋಟೋ ಕಡೆಯಿಂದ ರೀಲು ಮಾಯವಾಗಿ ಡಿಜಿಟಲ್ ಬಂತು. ಆದರೂ ಫೋಟೋದವರು, ವೀಡಿಯೋದವರು ಇಬ್ಬರಾಗಿಯೇ ಉಳಿದಿದ್ದರು.

ಇಬ್ಬರನ್ನು ಮತ್ತೆ ಒಬ್ಬನನ್ನಾಗಿ ಮಾಡಿದ್ದು 2008ನೇ ಇಸವಿ. ಆ ವರ್ಷ ನಿಕಾನ್ ಡಿ90 ಬಂತು, ಅದರ ಬೆನ್ನಲ್ಲೇ ಕ್ಯಾನನ್ 5ಡಿ ಮಾರ್ಕ್ ಟೂ. ಫೋಟೋ ಕ್ಯಾಮರಾದಲ್ಲೇ ವೀಡಿಯೋ. ಹಿಂದಿನದೆಲ್ಲಾ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಸಿನಿಮಾದ ಥರದ ಚಿತ್ರ ಮದುವೆಯಲ್ಲೂ ಬರತೊಡಗಿತು. ನಮ್ಮ ಸ್ಟುಡಿಯೋದವರು ಕೆಲವು ವರ್ಷ ಬಿಟ್ಟು ಹಳೆಯ ಮಾರ್ಕ್ ಟೂ ಒಂದನ್ನು ಕೊಂಡರು, ಮನೆಯವರ ಸರವನ್ನು ನಮ್ಮ ಸಂಘದಲ್ಲೇ ಒತ್ತೆ ಇಟ್ಟು. ಸಾಲದ ಕಂತು ಗೊತ್ತುಮಾಡುವಾಗ ಅವರು ಕೇಳಿದ್ದು ಒಂದೇ: "ಆಷಾಢ, ಧನುರ್ಮಾಸ ಬಿಟ್ಟು ಹಾಕಿ ಸ್ವಾಮಿ, ಆಗ ಮದುವೆ ಇರಲ್ಲ." ಬೆಳೆ ಬಂದಾಗ ರೈತ ಕಟ್ಟುವ ಹಾಗೆ ಮುಹೂರ್ತ ಬಂದಾಗ ಅವರು ಕಟ್ಟಿದರು. ಸರ ಬಿಡಿಸಿಕೊಂಡೂ ಹೋದರು.

ಎರಡೂ ಒಂದೇ ಯಂತ್ರದಲ್ಲಿ ಇದೆ ಅಂದಮೇಲೆ ಒಬ್ಬನೇ ಎರಡನ್ನೂ ಮಾಡಬಹುದಲ್ಲ ಎಂದು ಜನ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಯಂತ್ರ ಒಂದಾದರೂ ಕೆಲಸ ಎರಡೇ. ಸ್ಟುಡಿಯೋದವರು ನಮಗೆ ಇದನ್ನು ಮೇಜಿನ ಮೇಲೆ ಅಕ್ಕಿ ಎರಚಿ ತೋರಿಸಿದರು. ಫೋಟೋಗೆ ಸೆಕೆಂಡಿನ 200ರಲ್ಲಿ ಒಂದು ಭಾಗದಷ್ಟು ಹೊತ್ತು ಕಿಂಡಿ ತೆರೆದರೆ, ಜೊತೆಗೆ ಫ್ಲಾಷ್ ಬಿದ್ದರೆ, ಅಕ್ಷತೆಯ ಕಾಳು ಗಾಳಿಯಲ್ಲಿ ನಿಂತ ಹಾಗೆ ಬರುತ್ತದೆ. ವೀಡಿಯೋಗೆ ಸೆಕೆಂಡಿಗೆ 25 ಚಿತ್ರ, ಒಂದೊಂದಕ್ಕೂ 50ರಲ್ಲಿ ಒಂದು ಭಾಗದಷ್ಟು ಹೊತ್ತು. ಓಡುವಾಗ ನೋಡಲು ಹಿತ, ಆದರೆ ಒಂದೊಂದು ಚಿತ್ರ ಬಿಡಿಸಿ ನೋಡಿದರೆ ಆಡುವ ಕೈಯೆಲ್ಲಾ ಮಸುಕು. ಛತ್ರದ ಟ್ಯೂಬ್‌ಲೈಟಿನ ಕರೆಂಟು ಸೆಕೆಂಡಿಗೆ 50 ಸಲ ಆಡುವುದರಿಂದ ವೀಡಿಯೋದ ಲೆಕ್ಕವನ್ನು ಅದಕ್ಕೆ ಹೊಂದಿಸದಿದ್ದರೆ ಚಿತ್ರದಲ್ಲಿ ಪಟ್ಟೆ ಪಟ್ಟೆ. ಮಾರ್ಕ್ ಟೂನಲ್ಲಿ ಮೊದಮೊದಲು 30ರ ಲೆಕ್ಕ ಮಾತ್ರ ಇತ್ತು, ನಮ್ಮ ದೇಶದ ದೀಪಕ್ಕೆ ಹೊಂದುವ 25 ಸಿಕ್ಕಿದ್ದು 2010ರಲ್ಲಿ. ಫೋಟೋಗೆ ಫ್ಲಾಷ್ ಬೇಕು, ಅದೇ ಫ್ಲಾಷ್ ಓಡುತ್ತಿರುವ ವೀಡಿಯೋದಲ್ಲಿ ಅರ್ಧ ಚಿತ್ರವನ್ನು ಬಿಳಿ ಮಾಡಿಬಿಡುತ್ತದೆ. ಗಂಡು ಹೆಣ್ಣು ನಿಂತರೆ ಫೋಟೋಗೆ ಕ್ಯಾಮರಾ ಉದ್ದಕ್ಕೆ ತಿರುಗಿಸಬೇಕು, ವೀಡಿಯೋಗೆ ಅಡ್ಡಕ್ಕೇ ಇರಬೇಕು. ಮಾರ್ಕ್ ಟೂನಲ್ಲಿ ವೀಡಿಯೋ ಓಡುವಾಗಲೇ ಫೋಟೋ ಒತ್ತಬಹುದಿತ್ತು. ಒತ್ತಿದರೆ ವೀಡಿಯೋ ಒಂದು ಸೆಕೆಂಡಿನಷ್ಟು ಕಲ್ಲಿನಂತೆ ನಿಂತುಬಿಡುತ್ತಿತ್ತು. ತಾಳಿ ಕಟ್ಟುವಾಗ ಹೀಗೆ ನಾಲ್ಕು ಸಲ ಒತ್ತಿದರೆ ತಾಳಿ ಕಟ್ಟಿದ್ದೇ ಕಾಣುವುದಿಲ್ಲ!

ಇದಕ್ಕೆ ಒಂಟಿ ಕೆಲಸದವರು ಕಂಡುಕೊಂಡ ದಾರಿ ಎರಡು ಕ್ಯಾಮರಾ. ಒಂದನ್ನು ಮಂಟಪದ ಎದುರಿಗೆ ಸ್ಟ್ಯಾಂಡಿನ ಮೇಲೆ ಅಗಲಕ್ಕೆ ಇಟ್ಟು ಓಡಲು ಬಿಡುವುದು, ಇನ್ನೊಂದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಯುವುದು. ಶಾಸ್ತ್ರದ ನಡುವೆ ಬಿಡುವು ಸಿಕ್ಕಾಗ ಅದೇ ಕೈ ಕ್ಯಾಮರಾದಲ್ಲಿ ಹತ್ತು ಹದಿನೈದು ಸೆಕೆಂಡಿನ ವೀಡಿಯೋ ತುಂಡುಗಳು. ಮಂತ್ರ, ಓಲಗ ಚೆನ್ನಾಗಿ ಬರಲೆಂದು ಪುರೋಹಿತರ ಹತ್ತಿರ ಬೇರೆ ಒಂದು ಚಿಕ್ಕ ರೆಕಾರ್ಡರ್. ಕೇಳಲು ಸುಲಭ. ಇದರಲ್ಲಿ ಎಷ್ಟು ಕಷ್ಟ ಇದೆ ಅನ್ನುವುದಕ್ಕೆ ಸ್ಟುಡಿಯೋದವರು ತಮ್ಮದೇ ಒಂದು ತಪ್ಪನ್ನು ಹೇಳಿಕೊಂಡರು. ಬರೆಯಲು ಅವರ ಒಪ್ಪಿಗೆ ಇದೆ.

ಪಕ್ಕದ ಊರಿನ ಮದುವೆ. ಸ್ಟ್ಯಾಂಡಿನ ಮೇಲೆ ಮಾರ್ಕ್ ಟೂ ಓಡುತ್ತಿತ್ತು. ಕೈಯಲ್ಲಿದ್ದದ್ದು ಬೇರೆ ಕ್ಯಾಮರಾ. ಅಂತರಪಟ ಸರಿಯಿತು, ಗಂಡು ಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಿದರು, ಎಲ್ಲ ಫೋಟೋ ಚೆನ್ನಾಗಿ ಸಿಕ್ಕಿತು. ತಿರುಗಿ ನೋಡಿದರೆ ಸ್ಟ್ಯಾಂಡಿನ ಕ್ಯಾಮರಾದ ಕೆಂಪು ದೀಪ ಇಲ್ಲ. ಆ ಕ್ಯಾಮರಾ ಒಂದೇ ಸಮನೆ ಸುಮಾರು 12 ನಿಮಿಷಕ್ಕಿಂತ ಹೆಚ್ಚು ಓಡುವುದಿಲ್ಲ, ತಾನೇ ನಿಂತುಬಿಡುತ್ತದೆ. ಅಷ್ಟರಲ್ಲಿ ಮತ್ತೆ ಒತ್ತಬೇಕಾಗಿತ್ತು, ಮರೆತಿದ್ದರು. ಜನರ ನಡುವೆ ನುಗ್ಗಿ ಹೋಗಿ ಒತ್ತಿ ತಿರುಗುವಷ್ಟರಲ್ಲಿ ಹೆಣ್ಣಿನ ತಂದೆ ಧಾರೆ ಎರೆದು ಚೊಂಬು ಇಳಿಸುತ್ತಿದ್ದರು. ಧಾರೆಯ ಫೋಟೋ ಒಂದೂ ಇಲ್ಲ. ತಾಳಿ, ಸಪ್ತಪದಿ, ಆರತಕ್ಷತೆ ಎಲ್ಲಾ ಆಲ್ಬಮ್ಮಿನಲ್ಲಿ ಜೋರಾಗಿ ಬಂದಿದ್ದರಿಂದ ಆಗ ಯಾರೂ ಕೇಳಲಿಲ್ಲ.

ಮರುವರ್ಷ ಆ ತಂದೆ ತೀರಿಕೊಂಡರು. ಹದಿನೈದು ದಿನ ಕಳೆದ ಮೇಲೆ ಮಗಳು ಸ್ಟುಡಿಯೋ ಬಾಗಿಲಿಗೆ ಬಂದಳು. "ಅಣ್ಣ, ಅಪ್ಪ ನನ್ನ ಧಾರೆ ಎರೆದ ಫೋಟೋ ಒಂದು ದೊಡ್ಡದು ಮಾಡಿಕೊಡಿ." ಇವರಿಗೆ ನಾಲಿಗೆ ಹೊರಳಲಿಲ್ಲ. ನಾಳೆ ಬಾರಮ್ಮ ಅಂತ ಕಳಿಸಿ, ರಾತ್ರಿಯೆಲ್ಲಾ ವೀಡಿಯೋವನ್ನು ಒಂದೊಂದೇ ಚಿತ್ರವಾಗಿ ಬಿಡಿಸಿ ನೋಡಿದರು. ಮತ್ತೆ ಒತ್ತಿದ ಕ್ಷಣದಿಂದ ಚೊಂಬು ಇಳಿಯುವವರೆಗೆ ಎರಡು ಸೆಕೆಂಡಿನಷ್ಟು ಇತ್ತು. ಅದರಲ್ಲಿ ಒಂದು ಚಿತ್ರದಲ್ಲಿ ತಂದೆಯ ಮುಖ ಸ್ಪಷ್ಟವಾಗಿದೆ, ಕೈ, ಚೊಂಬು, ಹಾಲಿನ ಕೊನೆಯ ಎಳೆ ಎಲ್ಲಾ ಮಸುಕು. ಆ ವೀಡಿಯೋದ ಒಂದು ಚಿತ್ರದಲ್ಲಿ ಇರುವುದು 20 ಲಕ್ಷದಷ್ಟು ಚುಕ್ಕೆ, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಲು ಸಾಲದು. ಪುಸ್ತಕದ ಅಳತೆಗೆ ಮಾಡಿ ಕಟ್ಟು ಹಾಕಿಸಿ ಕೊಟ್ಟರು, ನಡೆದದ್ದನ್ನೂ ಮುಚ್ಚಿಡದೆ ಹೇಳಿದರು. ಅವಳು ಬಹಳ ಹೊತ್ತು ನೋಡಿ, "ಕೈ ಹೋದರೆ ಹೋಗ್ಲಿ ಬಿಡಿ ಅಣ್ಣ, ಅಪ್ಪ ನನ್ನನ್ನೇ ನೋಡ್ತಾ ಇದಾರೆ" ಅಂದಳಂತೆ. ದುಡ್ಡು ಕೊಡಲು ಬಂದಳು, ಇವರು ಮುಟ್ಟಲಿಲ್ಲ.

ಅಂದಿನಿಂದ ಅವರದೊಂದು ಕ್ರಮ. ಅಂತರಪಟ ಹಿಡಿಯುವ ಮೊದಲೇ ಸ್ಟ್ಯಾಂಡಿನ ಕ್ಯಾಮರಾವನ್ನು ನಿಲ್ಲಿಸಿ ಹೊಸದಾಗಿ ಓಡಿಸುತ್ತಾರೆ. ಆಮೇಲೆ ತಾಳಿ ಮುಗಿಯುವವರೆಗೆ ಅದರ ಕಡೆ ತಲೆ ತಿರುಗಿಸುವುದಿಲ್ಲ, ಕೈ ಕ್ಯಾಮರಾದಲ್ಲಿ ವೀಡಿಯೋ ಒತ್ತುವುದೂ ಇಲ್ಲ. ಪುರೋಹಿತರಿಗೆ ಮೊದಲೇ ಕೈಮುಗಿದು, ಧಾರೆಗೆ ಮುಂಚೆ ಒಮ್ಮೆ ತಮ್ಮ ಕಡೆ ನೋಡಬೇಕೆಂದು ಕೇಳಿಕೊಂಡಿರುತ್ತಾರೆ.

ಈಗಿನ ಯಂತ್ರಗಳು ಮುಂದುವರಿದಿವೆ. ಪ್ಯಾನಸೋನಿಕ್ ಜಿಎಚ್4 2014ರಲ್ಲಿ ಬಂದ ಮೇಲೆ 4ಕೆ ವೀಡಿಯೋ ಸಣ್ಣ ಸ್ಟುಡಿಯೋದವರ ಕೈಗೂ ಎಟುಕತೊಡಗಿತು. ಅದರ ಒಂದು ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕೆ. ಹಾಗಾದರೆ ವೀಡಿಯೋ ಒಂದನ್ನೇ ತೆಗೆದು ಅದರಿಂದಲೇ ಫೋಟೋ ಬಿಡಿಸಿಕೊಳ್ಳಬಹುದಲ್ಲ ಎಂದು ನಾವು ಕೇಳಿದೆವು. ಒಂದಡಿ ಅಗಲದ ಚಿತ್ರಕ್ಕೆ ಸಾಕು, 12ಕ್ಕೆ 36 ಇಂಚಿನ ಕರಿಜ್ಮಾ ಆಲ್ಬಮ್ಮಿನ ಪೂರಾ ಹಾಳೆಗೆ ಸಾಲದು, ಮೇಲಾಗಿ ಕೈಯ ಮಸುಕು ಹಾಗೇ ಇರುತ್ತೆ ಅಂದರು. ಈಗಿನ ಹುಡುಗರು ಮೊಬೈಲಿಗೆ ಉದ್ದನೆಯ ರೀಲ್ಸ್ ಬೇರೆ ಕೇಳುತ್ತಾರೆ. ಹಿಂದೆ 12 ಚಿತ್ರದ ರೀಲು ತಂದವರೂ ಇವರೇ, ಈಗ ಈ ರೀಲ್ಸ್ ಮಾಡುವವರೂ ಇವರೇ!

ಕೊರೋನಾ ಬಂದ 2020ರಲ್ಲಿ ಮದುವೆಗೆ 50 ಜನಕ್ಕಿಂತ ಹೆಚ್ಚು ಸೇರಬಾರದು ಅಂತ ಆಯಿತು. ನೆಂಟರನ್ನೇ ಬಿಡಬೇಕಾದ ಹೊತ್ತಿನಲ್ಲಿ ಕ್ಯಾಮರಾದವರು ನಾಲ್ವರು ಯಾಕೆ? ಒಬ್ಬನೇ ಬಾ ಅಂದರು. ಆ ಒಬ್ಬನೇ ಫೋಟೋ ತೆಗೆದ, ವೀಡಿಯೋ ತೆಗೆದ, ಬರಲಾಗದ ನೆಂಟರಿಗೆ ಮೊಬೈಲಿನಲ್ಲಿ ನೇರವಾಗಿ ತೋರಿಸಿದ. ಆಗ ಹಿಡಿದ ರೂಢಿ ಕೊರೋನಾ ಹೋದರೂ ಉಳಿದಿದೆ. ಸಾಲ ಮಾಡಿ ಮದುವೆ ಮಾಡುವ ಮನೆಗಳಿಗೆ ಇದರಿಂದ ಉಪಕಾರವೇ ಆಗಿದೆ, ಇಲ್ಲ ಅನ್ನಲಾರೆವು. ಆದರೆ ಸಾವಿರ ಜನ ಸೇರುವ, ಹಿಂದಿನ ರಾತ್ರಿ ಆರತಕ್ಷತೆ ಬೆಳಿಗ್ಗೆ ಧಾರೆ ಇರುವ ಮದುವೆಗೂ ಒಬ್ಬನೇ ಸಾಕು ಅನ್ನುವುದು ನಮಗೆ ಒಪ್ಪಿತವಲ್ಲ. ಗಂಡಿನ ಮನೆ ದಿಬ್ಬಣ, ಹೆಣ್ಣಿನ ಮನೆ ಶಾಸ್ತ್ರ ಒಂದೇ ಹೊತ್ತಿನಲ್ಲಿ ಇದ್ದರೆ ಯಾವುದಾದರೂ ಒಂದು ತಪ್ಪಿಯೇ ತಪ್ಪುತ್ತದೆ. ಒಬ್ಬನನ್ನೇ ಕರೆಸುವುದಾದರೆ ತಪ್ಪಬಾರದ ನಾಲ್ಕು ಘಳಿಗೆ ಯಾವುವು, ಅದರಲ್ಲಿ ಫೋಟೋ ಮುಖ್ಯವೋ ವೀಡಿಯೋ ಮುಖ್ಯವೋ ಎಂದು ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಊಟಕ್ಕೂ ಅವನನ್ನು ಯಾರಾದರೂ ಕರೆಯಬೇಕು. ಇಬ್ಬರಿದ್ದಾಗ ಒಬ್ಬ ಉಂಡು ಬರುತ್ತಿದ್ದ, ಈಗ ಕೊನೆ ಪಂಕ್ತಿ ಎದ್ದ ಮೇಲೆ ಬರೀ ಅನ್ನ ಸಾರು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋ, ಚಿತ್ರಗಳ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ. ಆದ್ದರಿಂದ ಆಲ್ಬಂ ಬಂದಮೇಲೆ ಮೂಲ ಚಿತ್ರಗಳ ಒಂದು ಪ್ರತಿಯನ್ನೂ ಕೇಳಿ ತೆಗೆದುಕೊಳ್ಳಿ. ಸ್ಟುಡಿಯೋದ ಒಂದು ಹಾರ್ಡ್‌ಡಿಸ್ಕು ಕೆಟ್ಟರೆ ಹತ್ತಾರು ಮದುವೆ ಒಟ್ಟಿಗೆ ಹೋಗುತ್ತವೆ. ಕಬ್ಬಿಣದ ಟ್ರಂಕಿಗೆ ಅಂಥ ಭಯ ಇರಲಿಲ್ಲ.

ಅಂದ ಹಾಗೆ, ನಾವು ಹುಡುಕಿಕೊಂಡು ಹೋದ ಉದ್ಘಾಟನೆಯ ನೆಗೆಟಿವ್ ಅದೇ ಟ್ರಂಕಿನ ತಳದಲ್ಲಿ ಸಿಕ್ಕಿತು, ಒಂದು ಮದುವೆಯ ರೀಲಿನ ಕೊನೆಯಲ್ಲಿ. ಮದುವೆಯಲ್ಲಿ 31 ಮುಗಿಸಿ, ಉಳಿದ 5 ಚಿತ್ರದಲ್ಲಿ ನಮ್ಮ ಸಂಘದ ಉದ್ಘಾಟನೆಯನ್ನು ತೆಗೆದಿದ್ದಾರೆ! ಬೆಳ್ಳಿಹಬ್ಬದ ಸಮಾರಂಭಕ್ಕೂ ಅವರನ್ನೇ ಕೇಳಿದೆವು, ಫೋಟೋ ವೀಡಿಯೋ ಎರಡಕ್ಕೂ. ಒಪ್ಪಿದ್ದಾರೆ. ಆದರೆ ಎರಡು ಷರತ್ತು. ಗಣ್ಯರು ದೀಪ ಹಚ್ಚಿದ ಮೇಲೆ ಬತ್ತಿಯಿಂದ ಕೈ ತೆಗೆಯದೆ ಮೂರು ಎಣಿಸುವಷ್ಟು ಹೊತ್ತು ಹಾಗೇ ನಿಲ್ಲಬೇಕು. ವಂದನಾರ್ಪಣೆಗೆ ಮುಂಚೆ ತಮ್ಮನ್ನು ಊಟಕ್ಕೆ ಬಿಡಬೇಕು.